ಪಾವಗಡದ ಬಿಸಿಲಲ್ಲಿ ಅಪ್ಪನ ಜೊತೆ ಮೂರು ದಿನ

ಅಪ್ಪ ಪಾವಗಡಕ್ಕೆ ಹೋಗಬೇಕು ಅಂದಾಗ ಶನಿಮಹಾತ್ಮನ ದರ್ಶನಕ್ಕೆ ಇರಬೇಕು ಅಂದುಕೊಂಡೆ. "ದೇವರಿಗೆ ಆಮೇಲೆ ಕೈ ಮುಗಿಯೋಣ ಪುಟ್ಟಿ. ಅಲ್ಲಿ ರೈತರ ಜಮೀನು ಬಾಡಿಗೆಗೆ ತಗೊಂಡು ಬಿಸಿಲಿನಿಂದ ಕರೆಂಟು ಮಾಡ್ತಾರಂತಲ್ಲ, ಅದನ್ನ ನೋಡ್ಬೇಕು" ಅಂದರು. ಬಾಡಿಗೆಗೆ ಅನ್ನುವ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದರು.

ಯಾಕೆ ಅಂತ ನನಗೆ ಗೊತ್ತು. ನಮ್ಮದು ಶರಾವತಿ ಮುಳುಗಡೆಯ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಪ್ಪನಿಗೆ ಹತ್ತು ವರ್ಷ. ಗದ್ದೆ, ತೋಟ, ಮನೆ ಎಲ್ಲ ಹಿನ್ನೀರಿನ ಅಡಿಗೆ ಹೋಯಿತು. ಪಾತ್ರೆ ಪಗಡಿ, ದನ ಕರು, ಜನ ಎಲ್ಲರನ್ನೂ ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಆ ನೀರಿನಿಂದ ಇವತ್ತಿಗೂ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ರಾಜ್ಯದ ಎಷ್ಟೋ ಕಾರ್ಖಾನೆಗಳು ಬೆಳೆದಿದ್ದು ಆ ಕರೆಂಟಿನಲ್ಲೇ. ನಮ್ಮ ಹೊಸ ಊರಿಗೆ ಲೈಟು ಕಂಬ ಬಂದಿದ್ದು ಮಾತ್ರ ಅಪ್ಪನ ಮದುವೆಯ ವರ್ಷ, 1983ರಲ್ಲಿ.

ಹಾಗಾಗಿ ಕರೆಂಟಿನ ಯೋಜನೆ ಬಂದರೆ ಊರು ಉದ್ಧಾರ ಆಗತ್ತೆ ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. ನಂಬಬಹುದಾ ಅಂತ ನೋಡಿ ಬರೋಣ ಅನ್ನಿಸಿದ್ದು ಅಪ್ಪನಿಗೇ. ಫೆಬ್ರುವರಿ ಕೊನೆಯ ವಾರ ಹೊರಟೆವು.

ಶುಕ್ರವಾರ

ಬೆಂಗಳೂರಿನಿಂದ ಬೆಳಗ್ಗೆ ಎಂಟಕ್ಕೆ ಬಿಟ್ಟು ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆ ಕಡೆ ತಿರುಗಿದೆವು. ಅಲ್ಲಿಂದ ರಸ್ತೆಯೇ ಬೇರೆ. ಎರಡೂ ಕಡೆ ಬಂಡೆಗುಡ್ಡ, ನಡುವೆ ಅಡಿಕೆ ತೋಟದ ತುಣುಕು. ಮುಂದೆ ಹೋದಂತೆ ತೋಟ ಕಡಿಮೆಯಾಗಿ ಹುಣಸೆ ಮರ ಜಾಸ್ತಿ ಆಯಿತು. ಹಣ್ಣು ಉದುರಿಸುವ ಕಾಲ. ಗಂಡಸರು ಮರದ ಮೇಲೆ ನಿಂತು ಕೊಂಬೆ ಅಲ್ಲಾಡಿಸುತ್ತಿದ್ದರು, ಹೆಂಗಸರು ಕೆಳಗೆ ಆರಿಸುತ್ತಿದ್ದರು. ಮಧುಗಿರಿಯ ಏಕಶಿಲಾ ಬೆಟ್ಟ ಕಂಡ ಕೂಡಲೇ ಅಪ್ಪ ಕಾರು ನಿಲ್ಲಿಸಿ ಅಂದರು. ಹತ್ತುವ ಉದ್ದೇಶ ಇರಲಿಲ್ಲ. ಸುಮ್ನೆ ಹತ್ತು ನಿಮಿಷ ನೋಡಿದರು. ಮಲೆನಾಡಿನವರಿಗೆ ಇಷ್ಟು ದೊಡ್ಡ ಬೋಳು ಕಲ್ಲು ನೋಡುವುದೇ ಒಂದು ಬೆರಗು.

ಊಟ ಮಧುಗಿರಿಯಲ್ಲೇ. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕಕ್ಕೆ ಹುರಿದ ಕಡ್ಲೆಕಾಯಿಯ ಗಟ್ಟಿ ಚಟ್ನಿ. ಅಪ್ಪ ಅನ್ನದ ಮನುಷ್ಯ. ಆದರೂ ಎರಡನೇ ಮುದ್ದೆ ಕೇಳಿದರು.

ಪಾವಗಡ ಮುಟ್ಟಿದಾಗ ಮೂರು ಗಂಟೆ. ಬಿಸಿಲು ಕಾದ ಹೆಂಚಿನ ಹಾಗೆ. ಅಲ್ಲೇ ನಮ್ಮ ಮೊದಲ ತಪ್ಪು ಗೊತ್ತಾಯಿತು. ಶನಿವಾರ ಶನಿಮಹಾತ್ಮನ ವಾರ. ಆಂಧ್ರದಿಂದ, ಬೆಂಗಳೂರಿನಿಂದ ಶುಕ್ರವಾರವೇ ಜನ ಬಂದು ಇಳಿದುಕೊಳ್ಳುತ್ತಾರೆ. ಫೋನಿನಲ್ಲಿ ಹೇಳಿಟ್ಟಿದ್ದ ಲಾಡ್ಜಿನಲ್ಲಿ ನಮ್ಮ ಕೋಣೆ ಬೇರೆಯವರಿಗೆ ಹೋಗಿಬಿಟ್ಟಿತ್ತು. ಇನ್ನೂ ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡೆವು. ಕೊನೆಗೆ ದಿನಸಿ ಅಂಗಡಿಯವರೊಬ್ಬರು ತಮ್ಮ ಮಹಡಿಯ ಮೇಲಿನ ಕೋಣೆ ಕೊಟ್ಟರು. ನೀವು ಹೋಗುವುದಾದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ, ಜಾಗಕ್ಕೆ ಪರದಾಡಬೇಕಿಲ್ಲ.

ಆ ಕೋಣೆ ಕಟ್ಟಿಸಿದ್ದು ಹೇಗೆ ಅಂತ ಅಂಗಡಿಯವರೇ ಹೇಳಿದರು. ಸೋಲಾರ್ ಪಾರ್ಕ್ ಕಟ್ಟುವಾಗ ಎಲ್ಲೆಲ್ಲಿಂದಲೋ ಎಂಜಿನಿಯರುಗಳು, ಫಿಟ್ಟರುಗಳು ಬಂದು ತುಂಬಿಕೊಂಡಿದ್ದರಂತೆ. "ಎರಡು ವರ್ಷ ಈ ರೂಮು ಒಂದು ದಿನ ಖಾಲಿ ಇರ್ಲಿಲ್ಲ ಸಾರ್. ಬಾಡಿಗೆ ಬರತ್ತೆ ಅಂತ ಸಾಲ ಮಾಡಿ ಇನ್ನೊಂದು ಕಟ್ಟಿಸ್ದೆ. ಅದು ಮುಗಿಯೋ ಹೊತ್ತಿಗೆ ಅವರ ಕೆಲಸಾನೂ ಮುಗೀತು. ಎಲ್ಲಾ ಹೋದ್ರು."

ಇಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆ ಇರುವವರು ಮಧ್ಯವಯಸ್ಸಿನವರಲ್ಲೂ ಕಾಣುತ್ತಾರೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಹಿಡಿದು ತರಬೇಕು. ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ. ನಮ್ಮ ಹತ್ತಿರ ಇರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗಿ ತನ್ನ ನಾಣ್ಯ ಹಾಕಿ ನಮ್ಮ ಕ್ಯಾನ್ ತುಂಬಿಸಿಕೊಟ್ಟಳು.

ಶನಿವಾರ

ಬೆಳಗ್ಗೆ ಆರಕ್ಕೆ ತಿರುಮಣಿ ಕಡೆ ಹೊರಟೆವು. ಏಳರ ನಂತರ ದೇವಸ್ಥಾನದ ಬೀದಿ ದಾಟುವುದು ಕಷ್ಟ ಅಂತ ಅಂಗಡಿಯವರು ಎಚ್ಚರಿಸಿದ್ದರು. ಊರು ಬಿಟ್ಟ ಮೇಲೆ ಕೆಂಪು ನೆಲ, ಜಾಲಿ ಗಿಡ, ಅಲ್ಲೊಂದು ಇಲ್ಲೊಂದು ಕಲ್ಲುಗುಡ್ಡ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಬಸ್ಸಿನ ಬೋರ್ಡಿನಲ್ಲಿ, ಮಾತಿನಲ್ಲಿ ಎರಡೂ ಭಾಷೆ ಕಲೆತಿರುತ್ತವೆ. ಅಪ್ಪನನ್ನು ಎಲ್ಲರೂ "ತಾತ" ಅಂತಲೇ ಕರೆದರು.

ಒಂದು ತಿರುವು ದಾಟಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಕಣ್ಣು ಹಾಯುವವರೆಗೆ ಕಡುನೀಲಿ. ಅಪ್ಪ ಸೀಟಿನಲ್ಲಿ ಮುಂದಕ್ಕೆ ಬಗ್ಗಿದರು. "ಹಿನ್ನೀರು ಇದ್ದಂಗಿದೆ" ಅಂದರು. ನನಗೂ ಹಾಗೇ ಅನ್ನಿಸಿತ್ತು, ಹೇಳಿರಲಿಲ್ಲ.

ಈ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಹೀಗೆ ಐದು ಊರಿನ ಜಮೀನು. ಹೆಸರು ಶಕ್ತಿಸ್ಥಳ. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ 2015ರಲ್ಲಿ ಇದಕ್ಕೆಂದೇ ಒಂದು ನಿಗಮ ಮಾಡಿದವು. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಸಿದ್ಧವಾಯಿತು. ನಿಗಮ ಜಮೀನು, ರಸ್ತೆ, ವಿದ್ಯುತ್ ಮಾರ್ಗ ಒದಗಿಸುತ್ತದೆ. ಬೇರೆ ಬೇರೆ ಕಂಪನಿಗಳು ತುಂಡು ತುಂಡಾಗಿ ಪಡೆದು ಪ್ಯಾನಲ್ ಹಾಕಿವೆ. ಬೇಲಿಯೊಳಗೆ ಹೋಗಲು ಮೊದಲೇ ಅನುಮತಿ ಬೇಕು. ನಾವು ತಗೊಂಡಿರಲಿಲ್ಲ. ಆದರೆ ನಡುವಿನ ರಸ್ತೆಗಳಲ್ಲಿ ಓಡಾಡಲು ಯಾರೂ ಅಡ್ಡಿ ಮಾಡಲಿಲ್ಲ. ಗೇಟಿನ ಹತ್ತಿರ ಫೋಟೊ ತೆಗೆಯಲು ಹೋದಾಗ ಮಾತ್ರ ಕಾವಲಿನ ಹುಡುಗ ಬೇಡ ಅಂದ. ಅವನದೇ ಊರಿನ ಜಮೀನು ಕಾಯುತ್ತಿದ್ದ. ಅವನ ಅಪ್ಪನ ಜಮೀನು ಒಳಗಿದೆಯಂತೆ, ಸಂಬಳ ಬೇರೆ ಬರುತ್ತದಂತೆ. ಬೆಂಗಳೂರಿನ ಗಾರೆ ಕೆಲಸ ಬಿಟ್ಟು ವಾಪಸು ಬಂದವನು.

ಟೀ ಅಂಗಡಿಯ ಮುಂದೆ ಐವತ್ತು ದಾಟಿದ ಒಬ್ಬ ರೈತ ಸಿಕ್ಕರು. ಎಂಟು ಎಕರೆ ಪಾರ್ಕಿಗೆ ಕೊಟ್ಟಿದ್ದಾರೆ, ಎರಡು ಎಕರೆ ಉಳಿಸಿಕೊಂಡಿದ್ದಾರೆ. ಅಪ್ಪ ಪೀಠಿಕೆ ಇಲ್ಲದೆ ಕೇಳಿದರು.

"ಎಷ್ಟು ಕೊಡ್ತಾರೆ?"

"ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ತಾತ. ಎರಡು ವರ್ಷಕ್ಕೊಂದ್ಸಲ ನೂರಕ್ಕೆ ಐದು ಏರ್ಸ್ತಾರೆ. 28 ವರ್ಷಕ್ಕೆ ಬರ್ಕೊಟ್ಟಿದೀವಿ."

"ಬೆಳೆ ಇದ್ದಾಗ ಎಷ್ಟು ಬರ್ತಿತ್ತು?"

ಅವರು ಟೀ ಕೆಳಗಿಟ್ಟು ನಕ್ಕರು. "ಕಡ್ಲೆಕಾಯಿ ಇಡ್ತಿದ್ವಿ. ಮಳೆ ಬಂದ್ರೆ ಒಂದಿಷ್ಟು. ಬರದಿದ್ರೆ ಬೀಜದ ದುಡ್ಡೂ ಇಲ್ಲ. ಮೂರು ಬೋರ್ ಕೊರ್ಸಿದೀನಿ, ಮೂರೂ ಧೂಳು."

ಪಾವಗಡ 60 ವರ್ಷದಲ್ಲಿ 54 ಸಲ ಬರ ಕಂಡ ತಾಲ್ಲೂಕು ಅಂತ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅಂಥ ನೆಲಕ್ಕೆ ವರ್ಷಕ್ಕೆ ಇಷ್ಟು ಅಂತ ಖಾತ್ರಿಯಾಗಿ ಬರುವ ದುಡ್ಡು ಸಣ್ಣದಲ್ಲ. ಈ ರೈತ ಕೈಸಾಲ ತೀರಿಸಿದ್ದಾರೆ. ಮಗಳನ್ನು ತುಮಕೂರಿನಲ್ಲಿ ಓದಿಸುತ್ತಿದ್ದಾರೆ. ಸುಮಾರು 2,300 ರೈತರು ಹೀಗೆ ಜಮೀನು ಕೊಟ್ಟಿದ್ದಾರೆ. ಸರ್ಕಾರಿ ಜಮೀನು ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ 20 ಕೋಟಿಗೂ ಜಾಸ್ತಿ ದುಡ್ಡು ಈ ಐದು ಊರಿಗೆ ಬಂದು ಬೀಳುತ್ತದೆ. ಸಿಮೆಂಟು ಅಂಗಡಿ, ಬೈಕ್ ರಿಪೇರಿ, ಬೇಕರಿ, ಎಲ್ಲ ಅದರ ಬೆನ್ನಿಗೆ ಹುಟ್ಟಿಕೊಂಡಿವೆ.

ಅಪ್ಪ ಇನ್ನೊಂದು ಪ್ರಶ್ನೆ ಕೇಳಿದರು. ಅದಕ್ಕಾಗಿಯೇ ಬಂದಿದ್ದು ಅನ್ನಿಸುತ್ತದೆ. "ಪಹಣಿ ಯಾರ ಹೆಸರಲ್ಲಿದೆ?"

"ನಂದೇ ಹೆಸರಲ್ಲಿ. ಮತ್ತಿನ್ಯಾರ ಹೆಸರಲ್ಲಿರತ್ತೆ?" ಅಂದರು ಅವರು. ಅಪ್ಪ ಸುಮ್ಮನಾದರು. ಆಮೇಲೆ ನಮ್ಮ ಕಥೆ ಹೇಳಿದರು. ಅರವತ್ತು ವರ್ಷದಿಂದ ಉಳುತ್ತಿರುವ ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿರುವುದನ್ನು ಹೇಳಿದರು. ರೈತ ಪೂರ್ತಿ ಕೇಳಿಸಿಕೊಂಡು, "ನಾಳೆ ಮನೆಗೆ ಬನ್ನಿ ತಾತ, ಕಾಗದ ತೋರಿಸ್ತೀನಿ. ಊಟಾನೂ ಮಾಡ್ಕೊಂಡು ಹೋಗಿ" ಅಂದರು.

ಅಲ್ಲಿಂದ ಹೊರಟು ದಾರಿ ತಪ್ಪಿದೆವು. ಪ್ಯಾನಲ್‌ಗಳ ನಡುವಿನ ರಸ್ತೆಗಳು ಒಂದೇ ತರ. ಅದೇ ಬೇಲಿ, ಅದೇ ತಿರುವು. ಮೊಬೈಲ್ ನೆಟ್‌ವರ್ಕ್ ಹೋಗಿತ್ತು. ಮುಕ್ಕಾಲು ಗಂಟೆ ಸುತ್ತಿ ಒಂದು ಕಚ್ಚಾ ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಹನ್ನೊಂದೂವರೆಯ ಬಿಸಿಲು. ಸ್ಟೆಪ್ನಿ ಹಾಕುವಷ್ಟರಲ್ಲಿ ಅಪ್ಪನ ಮುಖ ಕೆಂಪಾಗಿತ್ತು. ಇಲ್ಲಿ ಹತ್ತರಿಂದ ನಾಲ್ಕರವರೆಗೆ ಸುತ್ತಲೇಬಾರದು. ಸುತ್ತುವುದಾದರೆ ನೀರು, ಟೋಪಿ ಇರಲಿ. ನೆರಳು ಹುಡುಕಿದರೆ ಸಿಗುವುದಿಲ್ಲ, ಮರಗಳೆಲ್ಲ ಹೋಗಿವೆ.

ಸಹಾಯಕ್ಕೆ ಬಂದವರು ಒಬ್ಬ ಕುರಿಗಾಹಿ ಅಜ್ಜ. ಜ್ಯಾಕ್ ಕೆಳಗೆ ಕಲ್ಲು ಕೊಟ್ಟು ಗಾಡಿ ಎತ್ತಲು ಕೈ ಹಾಕಿದರು. ಅವರಿಗೆ ಜಮೀನಿಲ್ಲ. ಮೊದಲು ನೂರರ ಹತ್ತಿರ ಕುರಿ ಇದ್ದವು, ಈಗ ಮೂವತ್ತು. "ಖಾಲಿ ಹೊಲದಾಗೆ ಮೇಯ್ಕೊಂಡು ಹೋಗ್ತಿದ್ವು. ಈಗ ಬೇಲಿ. ಮೇಯ್ಸೋಕೆ ಗುಡ್ಡದ ಆಚೆ ಹೋಗ್ಬೇಕು." ಬಾಡಿಗೆ ಬಂತಾ ಅಂದೆ. "ಹೊಲ ಇದ್ದೋರಿಗೆ ಬಾಡಿಗೆ. ನಂದೇನಿದೆ ಕೊಡೋಕೆ?"

ನನಗೆ ಆ ಇಡೀ ದಿನದಲ್ಲಿ ಬಹಳ ಕಾಡಿದ್ದು ಈ ಮಾತು. ಶುರುವಿನ ದರದಲ್ಲೇ ಲೆಕ್ಕ ಹಾಕಿ. ಇಪ್ಪತ್ತು ಎಕರೆ ಇದ್ದವರಿಗೆ ವರ್ಷಕ್ಕೆ 4,20,000 ರೂಪಾಯಿ. ಎರಡು ಎಕರೆಯವರಿಗೆ 42,000, ಅಂದರೆ ತಿಂಗಳಿಗೆ 3,500. ಕೂಲಿ ಮಾಡುತ್ತಿದ್ದವರಿಗೆ ಏನೂ ಇಲ್ಲ. ಇದ್ದ ಕೂಲಿಯೂ ಹೋಯಿತು. ಕಡ್ಲೆಕಾಯಿ ಕೀಳುವುದಕ್ಕೆ ಊರಿಗೆ ಊರೇ ಬೇಕಿತ್ತು. ಪ್ಯಾನಲ್ ನೋಡಿಕೊಳ್ಳುವುದಕ್ಕೆ ಅಷ್ಟು ಜನ ಬೇಕಾಗಿಲ್ಲ.

ಮಧ್ಯಾಹ್ನ ಊಟಕ್ಕೆ ನಿಂತ ಹೋಟೆಲಿನ ಅಮ್ಮ ಕೂಡ ಇದೇ ಹೇಳಿದರು. ಪಾರ್ಕ್ ಕಟ್ಟುವಾಗ ದಿನಕ್ಕೆ ನೂರು ಊಟ ಬಡಿಸುತ್ತಿದ್ದರಂತೆ. ಈಗ ಹದಿನೈದು, ಇಪ್ಪತ್ತು. ಅವರ ಸೊಸೆ ಪ್ಯಾನಲ್ ಸಾಲಿನ ನಡುವೆ ಹುಲ್ಲು ಕೀಳುವ ಕೆಲಸಕ್ಕೆ ಹೋಗುತ್ತಾಳೆ. ಪ್ಯಾನಲ್ ತೊಳೆಯುವ ಕೆಲಸವೂ ಇದೆ, ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆ. "ವರ್ಷ ಪೂರ್ತಿ ಇರಲ್ಲಮ್ಮ. ಕರೆದಾಗ ಹೋಗ್ಬೇಕು. ಈಗ ಹುಣಸೆಹಣ್ಣಿನ ಬೀಜ ತೆಗೆಯೋ ಕೂಲಿ ಇದೆ, ಅಲ್ಲಿಗೆ ಹೋಗವ್ಳೆ." ಊಟಕ್ಕೆ ಅವರು ಕೊಟ್ಟ ಹುಣಸೆ ಚಿಗುರಿನ ಸಾರಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆ ಕಡೆ ಹೋದರೆ ಕೇಳಿ ಮಾಡಿಸಿಕೊಳ್ಳಿ.

ಸಂಜೆ ಒಂದು ಕಲ್ಲುಗುಡ್ಡದ ಅರ್ಧ ಹತ್ತಿ ಕೂತೆವು. ಸೂರ್ಯ ಇಳಿದಂತೆ ನೀಲಿ ಬಣ್ಣ ಬೂದಿಯಾಗಿ, ಆಮೇಲೆ ಕಪ್ಪಾಯಿತು. ಆರೂವರೆಗೆ ಇಷ್ಟು ದೊಡ್ಡ ಪಾರ್ಕಿನ ಉತ್ಪಾದನೆ ಸೊನ್ನೆ. ಬೆಂಗಳೂರಿನಲ್ಲಿ ದೀಪ, ಟೀವಿ, ಗೀಸರ್ ಹಾಕುವುದು ಆ ಹೊತ್ತಿಗೇ. "ಈಗ ನಮ್ಮ ಶರಾವತಿ ಕೆಲಸ ಶುರು" ಅಂದರು ಅಪ್ಪ. ನಿಜ. ನೀರಿನ ಟರ್ಬೈನನ್ನು ಬೇಕೆಂದಾಗ ನಿಮಿಷಗಳಲ್ಲಿ ಓಡಿಸಬಹುದು, ಅದಕ್ಕೇ ಸಂಜೆಯ ಬೇಡಿಕೆಗೆ ಜಲವಿದ್ಯುತ್ ಬೇಕು. ಹಗಲಿನ ಹೆಚ್ಚುವರಿ ಕರೆಂಟಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಮತ್ತೆ ಇಳಿಸಿ 2,000 ಮೆಗಾವ್ಯಾಟ್ ಮಾಡುವ ಯೋಜನೆಯ ಮಾತು ನಡೆಯುತ್ತಿರುವುದೂ ಇದರಿಂದಲೇ. ಕಣಿವೆಯ ಕಾಡಿನ ಚಿಂತೆಯಿಂದ ನಮ್ಮ ಕಡೆ ಅದಕ್ಕೆ ವಿರೋಧ ಜೋರಾಗಿದೆ. ಪಾವಗಡದ ಬಿಸಿಲಿಗೂ ನಮ್ಮ ಕಣಿವೆಗೂ ಹೀಗೊಂದು ನಂಟಿದೆ ಅಂತ ಅಪ್ಪನಿಗೆ ವಿವರಿಸಿದೆ. "ಮತ್ತೆ ನಮ್ಮನ್ನ ಕೇಳ್ತಾರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಮಹಡಿ ಕೋಣೆಯಲ್ಲಿ ಸೆಕೆಗೆ ನಿದ್ದೆ ಬರಲಿಲ್ಲ. ಹಾಳೆ ತೆಗೆದು ಲೆಕ್ಕ ಮಾಡಿದೆ. 2,050 ಮೆಗಾವ್ಯಾಟ್ ವರ್ಷದ ಒಟ್ಟು ಗಂಟೆಗಳಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ ಪೂರ್ತಿ ಓಡಿತು ಅಂತ ಹಿಡಿದರೂ ಸುಮಾರು 350 ಕೋಟಿ ಯೂನಿಟ್. ಯೂನಿಟ್ಟಿಗೆ ಒಂದೇ ಒಂದು ಪೈಸೆ ಈ ಐದು ಊರಿಗೆ ಅಂತ ತೆಗೆದಿಟ್ಟರೆ ವರ್ಷಕ್ಕೆ ಮೂರೂವರೆ ಕೋಟಿ ರೂಪಾಯಿ. ಕುರಿಗಾಹಿಗೆ ಗೋಮಾಳ, ಕೂಲಿಯವರ ಮಕ್ಕಳಿಗೆ ಐಟಿಐ, ಪ್ರತಿ ಓಣಿಗೆ ಕುಡಿಯುವ ನೀರು, ಏನೆಲ್ಲ ಆಗಬಹುದು. ಇದು ಹೊಸ ಯೋಚನೆಯೂ ಅಲ್ಲ. ಜಲವಿದ್ಯುತ್ತಿಗೆ 2008ರ ಕೇಂದ್ರ ನೀತಿಯಲ್ಲಿ ಯೋಜನೆ ಇರುವ ರಾಜ್ಯಕ್ಕೆ 12% ಉಚಿತ ವಿದ್ಯುತ್ತಿನ ಜೊತೆಗೆ ಇನ್ನೊಂದು 1% ಸ್ಥಳೀಯರ ಅಭಿವೃದ್ಧಿಗೆ ಅಂತ ಬರೆದಿದ್ದಾರೆ. ನೀರಿಗೆ ಆಗುವುದು ಬಿಸಿಲಿಗೆ ಯಾಕಾಗಬಾರದು? ಭೂಮಿ ಇದ್ದವರಿಗೆ ಬಾಡಿಗೆ ಕೊಟ್ಟಿದ್ದು ಸರಿಯಾದ ಕೆಲಸ. ಆದರೆ ಊರು ಅಂದರೆ ಭೂಮಿ ಇದ್ದವರು ಮಾತ್ರ ಅಲ್ಲ, ಅಲ್ವಾ?

ಭಾನುವಾರ

ಬೆಳಗ್ಗೆ ನಾಗಲಮಡಿಕೆಗೆ ಹೋದೆವು. ಉತ್ತರ ಪಿನಾಕಿನಿ ದಂಡೆಯ ಸುಬ್ರಹ್ಮಣ್ಯ. ಕುಕ್ಕೆ ಆದಿ, ಘಾಟಿ ಮಧ್ಯ, ಇದು ಅಂತ್ಯ ಸುಬ್ರಹ್ಮಣ್ಯ. ನದಿಯಲ್ಲಿ ಮರಳು ಮಾತ್ರ ಇತ್ತು. ಅಪ್ಪ ಚಪ್ಪಲಿ ಬಿಟ್ಟು ಆ ಮರಳಿನಲ್ಲಿ ನಡುವಿನವರೆಗೆ ಹೋಗಿ ನಿಂತರು. ಅರ್ಚಕರು ನಮ್ಮ ಊರು ಕೇಳಿ, "ಓ, ಸಿಗಂದೂರು ಕಡೆಯೋರು! ಸೇತುವೆ ಆಯ್ತಂತಲ್ಲ" ಅಂದರು. ಹೌದು, 2025ರ ಜುಲೈನಲ್ಲಿ ಆಯಿತು. ಅಂಬಾರಗೋಡ್ಲು ಕಳಸವಳ್ಳಿ ನಡುವೆ, ಹಿನ್ನೀರಿನ ಮೇಲೆ, ಸುಮಾರು ಎರಡೂವರೆ ಕಿಲೋಮೀಟರ್. ಅಲ್ಲಿಯವರೆಗೆ ತುಮರಿ ಕಡೆಯ ಜನ ಲಾಂಚಿಗೆ ಕಾಯುತ್ತಿದ್ದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ. ನೀರು ಬಂದಿದ್ದು 1964ರಲ್ಲಿ. ಸೇತುವೆಗೆ ಅರವತ್ತೊಂದು ವರ್ಷ ಹಿಡಿಯಿತು. ಯೋಜನೆಯ ಜೊತೆಗೇ ಆಗಬೇಕಿದ್ದ ಕೆಲಸ ಅದು. ಈಗ ತುಮರಿಯಲ್ಲಿ ಅಂಗಡಿಗಳು ಏಳುತ್ತಿವೆ, ಅಡಿಕೆ ಗಾಡಿ ನೇರ ಸಾಗರಕ್ಕೆ ಹೋಗುತ್ತದೆ.

ಹನ್ನೊಂದಕ್ಕೆ ರೈತನ ಮನೆಗೆ ಹೋದೆವು. ಹಳೆಯ ಮಣ್ಣಿನ ಮಾಳಿಗೆಯ ಮನೆ, ಪಕ್ಕಕ್ಕೆ ಹೊಸ ಆರ್‌ಸಿಸಿ ಮನೆ. ಎಲ್ಲರೂ ಮಲಗುವುದು ಮಾತ್ರ ಹಳೆಯದರಲ್ಲಿ, ತಂಪಿರುತ್ತದೆ. ಅವರ ಅವ್ವ ಜಗಲಿಯಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದರು. ಉಳಿಸಿಕೊಂಡ ಎರಡು ಎಕರೆಯ ಬೆಳೆ. ಪೂರ್ತಿ ಯಾಕೆ ಕೊಡಲಿಲ್ಲ ಅಂತ ಕೇಳಿದೆ. "ಅವ್ವ ಬಿಡ್ಲಿಲ್ಲ" ಅಂದರು ಮಗ. ಅವ್ವ ತಲೆ ಎತ್ತದೆ, "ಮನೇಲಿ ಬಿತ್ತನೆ ಬೀಜ ಇರ್ಬೇಕು" ಅಂದರು.

ಊಟಕ್ಕೆ ಮುಂಚೆ ನಮ್ಮನ್ನು ಬೇಲಿಯವರೆಗೆ ಕರೆದುಕೊಂಡು ಹೋದರು. "ಅಲ್ಲಿ ಮೂರನೇ ಸಾಲಿನ ಹತ್ರ ನಮ್ಮ ಹುಣಸೆಮರ ಇತ್ತು. ಬದು ಈ ಕಡೆ. ಈಗ ಎಲ್ಲಾ ಮಟ್ಟ ಮಾಡವ್ರೆ." ಅಪ್ಪ ತಂತಿ ಬೇಲಿ ಹಿಡಿದು ತುಂಬಾ ಹೊತ್ತು ನೋಡಿದರು. ನಮ್ಮ ಗದ್ದೆಯನ್ನೂ ಅವರು ಹೀಗೇ ನೋಡುವುದು. ಕೆಲವು ವರ್ಷ ಮೇ ತಿಂಗಳಲ್ಲಿ ನೀರು ಬಹಳ ಇಳಿದಾಗ ಮನೆಯ ಅಡಿಪಾಯದ ಕಲ್ಲು ಕಾಣುತ್ತದೆ. ಅಪ್ಪ ಹೋಗಿ ಅದರ ಮೇಲೆ ನಿಂತು ಬರುತ್ತಾರೆ. "ಬದು ಹೋದ್ರೂ ಸರ್ವೆ ಕಲ್ಲಿನ ಲೆಕ್ಕ ಇಟ್ಕೊಳಪ್ಪ. ಅಳತೆ ಮಾಡ್ಸಿದ ನಕ್ಷೆ ಮನೇಲಿ ಇರ್ಲಿ" ಅಂದರು ಅವರಿಗೆ. ಅವರು ಆಗಲಿ ಅಂತ ತಲೆಯಾಡಿಸಿದರು.

ಊಟ ಆದ ಮೇಲೆ ರೈತ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದರು. ಅಪ್ಪ ಕನ್ನಡಕ ಹಾಕಿಕೊಂಡು ಮಾಲೀಕರ ಹೆಸರಿರುವ 9ನೇ ಕಾಲಂ ಹುಡುಕಿದರು. ಅದರಲ್ಲಿ ಅವರ ಹೆಸರು, ಅವರ ಅಪ್ಪನ ಹೆಸರು. ಅಪ್ಪ ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ನಮ್ಮ ಮನೆಯ ಪಹಣಿಯಲ್ಲಿ ಆ ಜಾಗದಲ್ಲಿ ಅಜ್ಜನ ಹೆಸರೂ ಇಲ್ಲ, ಅಪ್ಪನ ಹೆಸರೂ ಇಲ್ಲ. ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿ ವಾಪಸು ಕೊಟ್ಟರು.

ಹೊರಡುವಾಗ ಅವ್ವ ಒಂದು ಚೀಲ ಕಡ್ಲೆಕಾಯಿ ಕಾರಿನಲ್ಲಿ ಇಡಿಸಿದರು. ದುಡ್ಡು ಮುಟ್ಟಲಿಲ್ಲ. ರೈತನ ಕಿರಿಯ ಮಗ, ಒಂಬತ್ತು ವರ್ಷದವನು, ಊರ ಬಾಗಿಲವರೆಗೆ ಸೈಕಲ್ಲಿನಲ್ಲಿ ನಮ್ಮ ಕಾರಿನ ಪಕ್ಕಕ್ಕೇ ಬಂದ.

ಮಧುಗಿರಿ ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಕಡ್ಲೆಕಾಯಿ ಬಿಡಿಸಿ ಬಿಡಿಸಿ ಒಂದು ತಮ್ಮ ಬಾಯಿಗೆ, ಒಂದು ನನ್ನ ಕೈಗೆ ಹಾಕುತ್ತಿದ್ದರು. ಆಮೇಲೆ ಕೇಳಿದರು, "ಆ 28 ವರ್ಷದ ಕರಾರು ಮುಗಿಯೋ ಹೊತ್ತಿಗೆ ಆ ಹುಡುಗನಿಗೆ ಎಷ್ಟು ವಯಸ್ಸಾಗಿರತ್ತೆ?"

"ಮೂವತ್ತರ ಹತ್ರ ಅಪ್ಪ."

"ಒಳ್ಳೇ ವಯಸ್ಸು" ಅಂದರು. "ಆ ವಯಸ್ಸಲ್ಲಿ ಉಳೋಕೆ ಶಕ್ತಿ ಇರತ್ತೆ."